ಬೆರಕೆ ಸೊಪ್ಪಿನ ಬದುವಿನಲ್ಲಿ ಕಾಂಗ್ರೆಸ್ ಗಿಡ

ಮುಂಗಾರು ಹಿಡಿದರೆ ದೊಡ್ಡಬಳ್ಳಾಪುರ, ದೇವನಹಳ್ಳಿ ಸೀಮೆಯ ಹೆಂಗಸರ ಮಡಿಲು ತುಂಬುತ್ತಿತ್ತು. ಅಣ್ಣೆ, ಕೊಮ್ಮೆ, ಗಣಿಕೆ ಎಂದು ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ್ದನ್ನೆಲ್ಲ ಕಿತ್ತು ತಂದು ಬೆರಕೆ ಸೊಪ್ಪಿನ ಸಾರು ಮಾಡಿದರೆ ಬಿಸಿ ಮುದ್ದೆಗೆ ಬೇರೇನೂ ಬೇಕಿರಲಿಲ್ಲ. ಇವತ್ತು ಎಷ್ಟೋ ಬದುಗಳ ಮೇಲೆ ಸೊಂಟದೆತ್ತರದ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟು ನಿಂತಿದೆ. ಮುಟ್ಟಿದರೆ ಕೆಲವರಿಗೆ ಮೈಯೆಲ್ಲ ತುರಿಕೆ.

ಹೊರಗಿನಿಂದ ಬಂದದ್ದೇ ಈ ಗಿಡದ ತಪ್ಪೆನ್ನಲಾಗದು. ಮುದ್ದೆಯ ರಾಗಿ ಪೂರ್ವ ಆಫ್ರಿಕಾದಿಂದ ಬಂದದ್ದು. ಸಾರಿನ ಹುಣಸೆಯ ತವರೂ ಆಫ್ರಿಕಾವೇ. ದೇವನಹಳ್ಳಿ ಬಳಿಯ ನಲ್ಲೂರಿನ ಹಳೆಯ ಹುಣಸೆ ತೋಪಂತೂ 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವಾಯಿತು. ಬಂದ ನೆಂಟರು ಮನೆಯವರಾದ ಕಥೆ ಅದು. ಆದರೆ ಪಾರ್ಥೇನಿಯಂ ಎಂಬ ಈ ಕಾಂಗ್ರೆಸ್ ಗಿಡ ಮತ್ತು ಲಂಟಾನ ಪೊದೆ ಮನೆಯವರನ್ನೇ ಹೊರಹಾಕುತ್ತಿವೆ.

ಅಮೆರಿಕ ಖಂಡ ಮೂಲದ ಪಾರ್ಥೇನಿಯಂ ಪುಣೆಯಲ್ಲಿ ಕಣ್ಣಿಗೆ ಬಿದ್ದದ್ದು 1955ರಲ್ಲಿ. ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಅದು ಹೊರಸೂಸುವ ರಾಸಾಯನಿಕ ಪಕ್ಕದ ಸಸಿಗಳನ್ನು ಏಳಗೊಡುವುದಿಲ್ಲ. ಮೇವಿನ ಜತೆ ಹಸುವಿನ ಹೊಟ್ಟೆ ಸೇರಿದರೆ ಹಾಲೂ ಕಹಿ. ಇದರ ಎಲೆ ತಿನ್ನುವ ಮೆಕ್ಸಿಕೋ ಮೂಲದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಗಿಡವನ್ನು ಬರಿ ಕಡ್ಡಿಯಾಗಿಸುತ್ತದೆ. ಒಣ ತಿಂಗಳುಗಳಲ್ಲಿ ಮಾತ್ರ ದುಂಬಿ ಮಣ್ಣಿನೊಳಗೆ ನಿದ್ದೆ ಹೋಗುತ್ತದೆ. ನೀರಾವರಿ ತೋಟದ ಅಂಚಿನ ಕಳೆಗೆ ಅಂಥ ಬಿಡುವಿಲ್ಲ.

ಮಾಕಳಿದುರ್ಗ, ಶಿವಗಂಗೆಯಂಥ ಬೆಟ್ಟಗಳ ಇಳಿಜಾರಿನಲ್ಲಿ ಲಂಟಾನದ್ದೇ ದರ್ಬಾರು. ಬ್ರಿಟಿಷರ ಕಾಲದಲ್ಲಿ ಅಂದದ ಹೂಗಿಡವೆಂದು ಬಂದ ಇದರ ಕಪ್ಪು ಹಣ್ಣನ್ನು ಪಿಕಳಾರ ತಿಂದು, ಹಾರಿದಲ್ಲೆಲ್ಲ ಬೀಜ ಬಿತ್ತುತ್ತದೆ. ಪೊದೆ ದಟ್ಟವಾದಂತೆ ಅದರಡಿ ಬಿಸಿಲು ಬೀಳದು. ಹುಲ್ಲು ಸಾಯುತ್ತದೆ, ತಂಗಡಿ, ಬಂದರೆ, ಕಾರೆ, ಕವಳೆಯ ಸಸಿಗಳು ಮೇಲೇಳಲಾರವು. ಎಲೆ ದನ, ಕುರಿಗಳಿಗೆ ವಿಷ: ಈಲಿ ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಬೇಸಿಗೆಯ ಬೆಂಕಿಗೆ ಅದರ ಒಣ ಕಡ್ಡಿಯೇ ಸೌದೆ. ಎಲ್ಲ ಸುಟ್ಟ ಮೇಲೆ ಮೊದಲು ಚಿಗುರುವುದೂ ಅದೇ.

ಕೆರೆಗಳಲ್ಲಿ ಇದೇ ಕೆಲಸವನ್ನು ದಕ್ಷಿಣ ಅಮೆರಿಕದ ಜಲಕಳೆ ಮಾಡುತ್ತಿದೆ. ಕೊಳಚೆ ನೀರು ಅದಕ್ಕೆ ಗೊಬ್ಬರ. ಹರಿದು ಬರುವ ಕೊಳಚೆ ನಿಲ್ಲಿಸದೆ ಬರಿದೆ ಕಳೆ ತೆಗೆದರೆ ಕೆಲವೇ ವಾರಗಳಲ್ಲಿ ಕೆರೆ ಮತ್ತೆ ಹಸಿರು ಹೊದೆಯುತ್ತದೆ.

ದಾರಿಗಳಿವೆ. ಪಾರ್ಥೇನಿಯಂ ಅನ್ನು ಹೂ ಬಿಡುವ ಮೊದಲೇ, ಕೈಗವಸು ತೊಟ್ಟು ಬೇರುಸಹಿತ ಕೀಳಬೇಕು. ಲಂಟಾನವನ್ನು ಮೇಲೆ ಸವರಿದರೆ ಇಮ್ಮಡಿ ಚಿಗುರುತ್ತದೆ. ನೆಲದೊಳಗಿನ ಬುಡವನ್ನೇ ಕಡಿಯಬೇಕು. ಕಡ್ಡಿ ವ್ಯರ್ಥವಾಗಬೇಕಿಲ್ಲ: ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಬುಟ್ಟಿ ಹೆಣೆದು ಸಂಪಾದಿಸಿದ್ದಾರೆ. ಬಹಳ ಸಲ ನಾವು ಸೋಲುವುದು ಕಳೆ ಕಿತ್ತಾದ ಮೇಲೆ. ಕಿತ್ತ ಜಾಗವನ್ನು ಖಾಲಿ ಬಿಟ್ಟರೆ ಕಳೆಯೇ ಮರಳುತ್ತದೆ. ಅಲ್ಲಿ ತಂಗಡಿ, ಬಂದರೆಯ ಬೀಜ ಬಿತ್ತಿ, ಎರಡು ಮೂರು ಮಳೆಗಾಲ ಬಿಡದೆ ಕಾಯಬೇಕು.

ಅಣ್ಣೆ ಯಾವುದು, ಕೊಮ್ಮೆ ಯಾವುದು ಎಂದು ಅಜ್ಜಿ ಮೊಮ್ಮಗಳಿಗೆ ತೋರಿಸುವುದು ಬದುವಿನ ಮೇಲೆ ಬಗ್ಗಿ ಕುಳಿತು. ಆ ಪಾಠಕ್ಕೆ ಬೇಕಾದ ನಾಲ್ಕು ಮಾರು ನೆಲವನ್ನಾದರೂ ಈ ಮಳೆಗಾಲದಲ್ಲಿ ಬಿಡಿಸಿಕೊಳ್ಳೋಣ.