ಮನೆಯ ವಿಡಿಯೋಗೆ ಕನ್ನಡದ ಮೆನು

ಮಗುವಿನ ನಾಮಕರಣದ ಡಿವಿಡಿಯನ್ನು ಊರಿಗೆ ಕಳಿಸುತ್ತಿದ್ದೀರಾ? ತೊಟ್ಟಿಲ ಶಾಸ್ತ್ರ ಎಲ್ಲಿದೆ ಎಂದು ಅಜ್ಜಿ ರಿಮೋಟ್ ಹಿಡಿದು ತಡಕಾಡಬಾರದು. ಅದಕ್ಕೇ ಮೆನು ಬೇಕು.

ಡಿವಿಡಿಸ್ಟೈಲರ್ ಎಂಬ ಉಚಿತ ಸಾಫ್ಟ್‌ವೇರ್ ಇದಕ್ಕೆ ಸಾಕು. ವಿಡಿಯೋವನ್ನು ನಾಲ್ಕೈದು ಭಾಗ ಮಾಡಿ, ಪ್ರತಿ ಭಾಗಕ್ಕೊಂದು ಬಟನ್ ಇಡಿ. ಕನ್ನಡ ಅಕ್ಷರಗಳು ಒಡೆದು ಕಂಡರೆ, ಹೆಸರುಗಳನ್ನು ಹಿನ್ನೆಲೆ ಚಿತ್ರದಲ್ಲೇ ದಪ್ಪಗೆ ಬರೆದು, ಮೇಲೆ ಬರೀ ಚೌಕಟ್ಟಿನ ಬಟನ್ ಕೂರಿಸಿ. ಹಳೆಯ ಟಿವಿಗಳು ಚಿತ್ರದ ಅಂಚನ್ನು ನುಂಗುತ್ತವೆ. ಸುತ್ತಲೂ ಜಾಗ ಬಿಡಿ. ಆಯ್ಕೆಯಾದ ಬಟನ್ ಬೇರೆ ಬಣ್ಣದಲ್ಲಿ ಎದ್ದು ಕಾಣಲಿ. ಒಂದು ಭಾಗ ಮುಗಿದೊಡನೆ ಮತ್ತೆ ಮೆನು ಬರಲಿ.

ಸಾಧಾರಣ ಡಿಸ್ಕ್‌ನಲ್ಲಿ ಹಿಡಿಸುವುದು 4.7 ಜಿಬಿ ಮಾತ್ರ. ಮೊದಲ ಪ್ರತಿಯನ್ನು ನಿಮ್ಮ ಟಿವಿಯಲ್ಲಿ ಹಾಕಿ, ಎಂಟಡಿ ದೂರ ಕುಳಿತು ಓದಿ ನೋಡಿ. ನಿಮಗೆ ಸಲೀಸಾಗಿ ಕಂಡರೆ ಅಂಚೆಗೆ ಹಾಕಿ. ಮೂಲ ಫೈಲುಗಳನ್ನು ಮಾತ್ರ ಅಳಿಸಬೇಡಿ!