ಕೈಯಿಂದ ಉಸಿರನ್ನೂಡಿದ ವಿದ್ಯಾರ್ಥಿಗಳು

2020ರಲ್ಲಿ ಕೊರೋನಾ ಜಾಡ್ಯವು ಹಬ್ಬಿದಾಗ ಅಮೆರಿಕದ ಅನೇಕ ವೈದ್ಯಕಾಲೇಜುಗಳು ತಮ್ಮ ವಿದ್ಯಾರ್ಥಿಗಳನ್ನು ರೋಗಿಗಳ ಬಳಿಯಿಂದ ದೂರವಿರಿಸಿದುವು. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರಕ್ಕೆ ಅಂತಹ ಅನುಕೂಲವಿರಲಿಲ್ಲವೆಂಬುದನ್ನು ವಾಚಕರಿಗೆ ತಿಳಿಸಬಯಸುತ್ತೇವೆ.

ಆ ವರ್ಷ ಪೋಲಿಯೊ ರೋಗವು ಹರಡಿ, ಉಸಿರಾಟದ ಶಕ್ತಿಯುಡುಗಿದವರಿಂದ ಬ್ಲೆಗ್ಡಾಮ್ ಆಸ್ಪತ್ರೆಯು ತುಂಬಿಹೋಯಿತು. ರೋಗಿಯ ದೇಹವನ್ನೇ ಒಳಗೊಂಡು ಉಸಿರಾಡಿಸುವ ದೊಡ್ಡ ಯಂತ್ರವು ಅಲ್ಲಿದ್ದುದು ಒಂದೇ. ಮೊದಮೊದಲು ಇಂತಹವರಲ್ಲಿ ನೂರಕ್ಕೆ 80ಕ್ಕೂ ಮಿಕ್ಕಿ ಮಂದಿ ಸತ್ತರು. ಆಗಸ್ಟ್ ತಿಂಗಳ ಕೊನೆಯಲ್ಲಿ ಅರಿವಳಿಕೆಯ ವೈದ್ಯರಾದ ಬ್ಯೋರ್ನ್ ಇಬ್ಸೆನ್ನರು 12 ವರ್ಷದ ಬಾಲಿಕೆಯೊಬ್ಬಳ ಕೊರಳಿನಲ್ಲಿ ರಂಧ್ರವನ್ನು ಮಾಡಿಸಿ, ಕೊಳವೆಯನ್ನಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿಯನ್ನೂಡಿದರು. ಆಕೆ ಬದುಕಿದಳು.

ಆದರೆ ಹಗಲಿರುಳೂ ಚೀಲವನ್ನೊತ್ತುವವರಾರು? ಸುಮಾರು 1,500 ವಿದ್ಯಾರ್ಥಿಗಳು ಸರದಿಯಂತೆ ಬಂದು ಕುಳಿತರು. ಎದೆಯ ಏರಿಳಿತ, ತುಟಿಯ ಬಣ್ಣ, ಹಣೆಯ ಬೆವರು, ಇವುಗಳಿಂದಲೇ ಒತ್ತುವ ಹದವನ್ನು ಅರಿಯಬೇಕು. ಪುಸ್ತಕದಲ್ಲಿ ಎಷ್ಟು ಓದಿದರೂ ಈ ಹದವು ಬೆರಳಿಗೆ ಇಳಿಯುವುದೆ? ಚೀಲವನ್ನು ಹಿಡಿದಿದ್ದಂತೆಯೇ ಎದುರಿನ ಜೀವವು ಹೋದುದೂ ಉಂಟು. ಎಳೆಯ ಹರೆಯದವರಿಗೆ ಇಂತಹ ಹೊರೆಯನ್ನು ಹೊರಿಸಬಹುದೆ ಎಂದು ಕೇಳುವವರನ್ನು ನಾವು ಅಲ್ಲಗಳೆಯೆವು. ಆದರೂ ಸಾಯುವವರ ಪ್ರಮಾಣವು ಮೊದಲಿನ ಅರ್ಧಕ್ಕಿಂತ ಕೆಳಗಿಳಿಯಿತು. ಮರುವರ್ಷವೇ ಇಬ್ಸೆನ್ನರು ಅದೇ ನಗರದ ಇನ್ನೊಂದು ಆಸ್ಪತ್ರೆಯಲ್ಲಿ, ಇಂದು ನಾವು ತೀವ್ರನಿಗಾ ಘಟಕವೆಂದು ಕರೆಯುವ ವಿಭಾಗವನ್ನು ತೆರೆದರು.