ಊರು ಬಿಟ್ಟವನಿಗೆ ಊರಿನ ಹೆಸರು

೧೮೭೭ರಲ್ಲಿ ನ್ಯೂಯಾರ್ಕಿನಲ್ಲಿ ಕಣ್ಣುಮುಚ್ಚಿದಾಗ ಕಾರ್ನೀಲಿಯಸ್ ವ್ಯಾಂಡರ್‌ಬಿಲ್ಟ್ ಸುಮಾರು ೧೦ ಕೋಟಿ ಡಾಲರುಗಳ ಒಡೆಯ. ಹಡಗು, ರೈಲುಗಳಿಂದ ಆತ ಗಳಿಸಿದ ಸಂಪತ್ತಿನಿಂದಾಗಿ ಅಮೆರಿಕದಲ್ಲಿ ಆ ಮನೆತನದ ಹೆಸರೇ ಸಿರಿವಂತಿಕೆಗೆ ಪರ್ಯಾಯವಾಯಿತು. ಹೆಸರಿನ ಒಳಗೆ ಅಡಗಿರುವುದೋ ಹಾಲೆಂಡಿನ ಒಂದು ದಿಬ್ಬ!

ಉಟ್ರೆಕ್ಟ್ ನಗರದ ಮಗ್ಗುಲಲ್ಲಿ ಡೆ ಬಿಲ್ಟ್ ಎಂಬ ಊರುಂಟು. 'ಬಿಲ್ಟ್' ಎಂದರೆ ಎತ್ತರದ ನೆಲವೆಂದು ಅರ್ಥ ಹೇಳುತ್ತಾರೆ. ತಗ್ಗುನಾಡಿನಲ್ಲಿ ಅಷ್ಟು ಎತ್ತರವೂ ಹೆಸರಿಡಲು ಸಾಕು. 'ವ್ಯಾನ್' ಎಂಬುದು ಡಚ್ ಭಾಷೆಯಲ್ಲಿ ಪಂಚಮೀ ವಿಭಕ್ತಿಯ ಕೆಲಸ ಮಾಡುವ ಪದ. ಅದರ ಮುಂದೆ 'ಡೆ' ಹಿಂದಿನ ವ್ಯಾಕರಣದಂತೆ 'ಡರ್' ಆಗುತ್ತದೆ. ಅಲ್ಲಿಗೆ 'ವ್ಯಾನ್ ಡರ್ ಬಿಲ್ಟ್' ಎಂದರೆ ಬಿಲ್ಟ್ ಊರಿನವನು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲರ ಹೆಸರುಗಳಲ್ಲಿ ಊರು ನಿಂತಿರುವ ಬಗೆಯೂ ಇದೇ. ಇಂದಿನ ಡಚ್ಚರಿಗೆ ಮಾತ್ರ ಡೆ ಬಿಲ್ಟ್ ಎಂದೊಡನೆ ಮಳೆ ಮೋಡಗಳ ನೆನಪು; ೧೮೯೭ರಿಂದ ಅವರ ಹವಾಮಾನ ಸಂಸ್ಥೆ ಇರುವುದು ಅಲ್ಲಿಯೇ.

೧೬೫೦ರ ಸುಮಾರಿಗೆ ಯಾನ್ ಆರ್ಟ್‌ಸೋನ್ ಎಂಬಾತ ಕರಾರಿನ ಆಳಾಗಿ ಕಡಲು ದಾಟಿ ಅಮೆರಿಕದ ಡಚ್ ವಸಾಹತಿಗೆ ಬಂದ. 'ಆರ್ಟ್‌ಸೋನ್' ಎಂದರೆ ಆರ್ಟನ ಮಗ. ಇಂಥ ಹೆಸರು ತಲೆಮಾರಿಗೊಮ್ಮೆ ಬದಲಾಗುವಂಥದು. ಯಾನನ ಮಗ ಯಾನ್ಸೋನ್ ಆಗಬೇಕು. ಸ್ವಂತ ಊರಿನಲ್ಲಿ ಯಾರನ್ನೂ ಬಿಲ್ಟಿನವನೆಂದು ಕರೆಯಬೇಕಾಗಿಲ್ಲ, ಎಲ್ಲರೂ ಅಲ್ಲಿಯವರೇ. ಪರನೆಲದಲ್ಲಿ ಮಾತ್ರ ಆ ಗುರುತಿಗೆ ಬೆಲೆ. ೧೬೬೪ರಲ್ಲಿ ವಸಾಹತು ಇಂಗ್ಲಿಷರ ಕೈಸೇರಿತು. ಕಾಲಕ್ರಮದಲ್ಲಿ ಮೂರು ಪದಗಳು ಬೆಸೆದು ಒಂದಾದವು, ಊರು ಮರೆತುಹೋಯಿತು.

ಈ ಪುಟ್ಟ 'ವ್ಯಾನ್' ಒಬ್ಬ ಮಹಾಪುರುಷನನ್ನು ಪೇಚಿಗೂ ಸಿಲುಕಿಸಿತು. ಸಂಗೀತಗಾರ ಲುಡ್ವಿಗ್ ವ್ಯಾನ್ ಬೀಥೋವನ್ ಹುಟ್ಟಿದ್ದು ಜರ್ಮನಿಯ ಬಾನ್ ನಗರದಲ್ಲಿಯಾದರೂ ಅವನ ಅಜ್ಜ ಬಂದದ್ದು ಡಚ್ ನುಡಿಯ ಫ್ಲಾಂಡರ್ಸ್ ಸೀಮೆಯಿಂದ. ಜರ್ಮನರ 'ಫಾನ್' ಕುಲೀನರ ಚಿಹ್ನೆ. ಡಚ್ಚರ 'ವ್ಯಾನ್' ರೈತನಿಗೂ ಇರುತ್ತದೆ. ವಿಯೆನ್ನಾದಲ್ಲಿ ಈ ಭೇದವನ್ನು ಯಾರೂ ವಿಚಾರಿಸಿರಲಿಲ್ಲ. ತೀರಿಹೋದ ತಮ್ಮನ ಮಗ ಕಾರ್ಲನನ್ನು ತನ್ನ ವಶಕ್ಕೆ ಪಡೆಯಲು ಬೀಥೋವನ್ ನಾದಿನಿಯ ವಿರುದ್ಧ ಹೂಡಿದ್ದ ವ್ಯಾಜ್ಯವೂ ಕುಲೀನರ ನ್ಯಾಯಾಲಯದಲ್ಲಿಯೇ ನಡೆಯುತ್ತಿತ್ತು. ೧೮೧೮ರ ಡಿಸೆಂಬರಿನಲ್ಲಿ ಕುಲೀನತೆಗೆ ಆಧಾರ ಕೇಳಲಾಯಿತು. ಆತನ ಬಳಿ ಇರಲಿಲ್ಲ. ವ್ಯಾಜ್ಯ ಸಾಮಾನ್ಯರ ನ್ಯಾಯಾಲಯಕ್ಕೆ ವರ್ಗವಾಯಿತು, ಮರುವರ್ಷ ತೀರ್ಪು ಆತನಿಗೆ ವಿರುದ್ಧವಾಯಿತು. ಮೇಲ್ಮನವಿಯಲ್ಲಿ ಗೆಲ್ಲಲು ೧೮೨೦ರವರೆಗೆ ಕಾಯಬೇಕಾಯಿತು. ನ್ಯಾಯಾಲಯದ ಅವಮಾನಕ್ಕಿಂತ ಹುಡುಗನ ಪಾಡು ಹೆಚ್ಚು ಕರುಣಾಜನಕ. ಎರಡು ಮನೆಗಳ ನಡುವೆ ಬೆಳೆದವನು ಅವನು.

ಡಚ್ಚರು ಇಂದಿಗೂ 'ವ್ಯಾನ್'ಗೆ ದೊಡ್ಡ ಮರ್ಯಾದೆ ಕೊಡುವುದಿಲ್ಲ. ನ್ಯೂಯಾರ್ಕಿನ ಅಕಾರಾದಿಯಲ್ಲಿ ವ್ಯಾಂಡರ್‌ಬಿಲ್ಟ್ ಮನೆತನ 'ವಿ' ಅಕ್ಷರದಡಿ ದೊರೆತರೆ, ಉಟ್ರೆಕ್ಟಿನಲ್ಲಿ ವ್ಯಾನ್ ಡರ್ ಬಿಲ್ಟರನ್ನು ಹುಡುಕುವವರು 'ಬಿ' ಪುಟವನ್ನು ತೆರೆಯಬೇಕು.